ರಟ್ಟಿನ ಶೆಲ್ಫು ಇನ್ನೂ ನಿಂತಿದೆ: ಮಕ್ಕಳ ಜೊತೆ ಸೇರಿ ಅವರ ರೂಮು ಮಾಡಿದ ನನ್ನ ಅನುಭವ

ಮಕ್ಕಳ ರೂಮಿನ ಮೂಲೇಲಿರೋ ಮನೆ ಆಕಾರದ ರಟ್ಟಿನ ಶೆಲ್ಫಿಗೆ ಈಗ 14 ತಿಂಗಳು ತುಂಬ್ತು. ಅದರಲ್ಲಿ 40ರ ಹತ್ರ ಪುಸ್ತಕ ಇದಾವೆ, ಒಂದು ಹಲಗೆನೂ ಜಗ್ಗಿಲ್ಲ. "ರಟ್ಟಲ್ಲಿ ಶೆಲ್ಫಾ, ಒಂದು ತಿಂಗಳು ನಿಂತ್ರೆ ಹೇಳು" ಅಂದಿದ್ರು ನಮ್ಮನೆಯವರು. "ಮನೆ ತುಂಬ ಕಸ ಪೇರಿಸ್ಕೊಂಡು ಅಲಂಕಾರ ಅಂತೀಯಲ್ಲೇ" ಅಂದಿದ್ರು ನಮ್ಮತ್ತೆ. ಕ್ರಾಫ್ಟ್ ಮಾಡೋ ಗೆಳತಿಯರು ಕೂಡ "ಫೋಟೋಗೆ ಚೆನ್ನಾಗಿರತ್ತೆ ಬಿಡು" ಅಂತ ಸುಮ್ಮನಾಗಿದ್ರು. ಈಗ ಅವರಲ್ಲೇ ಮೂರು ಜನ ಹೆಂಗೆ ಮಾಡ್ದೆ ಅಂತ ಕೇಳಿದಾರೆ, ಅದಕ್ಕೇ ಬರೀತಿದೀನಿ. ಕಟರ್ ಹಿಡಿಯೋದು, ಗಮ್ ಹಚ್ಚೋದು ನಿಮಗೆ ಗೊತ್ತಿರೋದೇ, ಅದನ್ನ ಮತ್ತೆ ಹೇಳಲ್ಲ.

ಮೊದಲು ದುಡ್ಡಿನ ವಿಷಯ. ಮೊದಲನೇ ಸಲ "ಎಲ್ಲಾ ಹಳೇ ಸಾಮಾನಿಂದಾನೇ" ಅಂತ ಹೊರಟು ಸ್ಪ್ರೇ ಪೇಂಟು, ಗ್ಲಿಟರು, ಗಮ್ ಗನ್ನು, ಬಣ್ಣಬಣ್ಣದ ಟೇಪು ಅಂತ ತಂದಿದ್ದೇ ತಂದಿದ್ದು, ಲೆಕ್ಕ ಹಾಕಿದ್ರೆ ಒಂದು ರೆಡಿಮೇಡ್ ಶೆಲ್ಫಿನ ದುಡ್ಡು ದಾಟಿಹೋಗಿತ್ತು, ಅದೂ ಶೆಲ್ಫು ಬಿದ್ದುಹೋದ ಮೇಲೆ! ಎರಡನೇ ಸಲ ಕೊಂಡಿದ್ದು ಮೂರೇ: ಬಿಳಿ ಗಮ್ಮಿನ ದೊಡ್ಡ ಡಬ್ಬ, ಗೋಡೆಗೆ ಹೊಡೆಯೋ ಬಿಳಿ ಪೇಂಟು, ಮಾಸ್ಕಿಂಗ್ ಟೇಪು. ಬಣ್ಣಕ್ಕೆ ಮಕ್ಕಳ ಹಳೇ ಪೋಸ್ಟರ್ ಕಲರನ್ನೇ ಬಿಳಿ ಪೇಂಟಿಗೆ ಕಲಸಿದ್ವಿ. ಇಡೀ ರೂಮಿಗೆ ಆದ ಖರ್ಚು ಮೊದಲನೇ ಸಲದ ಕಾಲು ಭಾಗ ಇರಬಹುದು, ಜಾಸ್ತಿ ಅಂತೂ ಇಲ್ಲ.

ಮೊದಲ ಶೆಲ್ಫು ಮೂರೇ ವಾರಕ್ಕೆ ಮಧ್ಯಕ್ಕೆ ಮಡಚ್ಕೊಂಡಿತ್ತು. ತಪ್ಪು ರಟ್ಟಿಂದಲ್ಲ, ನಾನು ಅಲೆ ನೋಡಿರಲಿಲ್ಲ. ಕಾರ್ಟನ್ ಬಾಕ್ಸಿನ ರಟ್ಟು ಕತ್ತರಿಸಿ ಅಂಚು ನೋಡಿ, ಒಳಗೆ ಅಲೆ ಅಲೆಯಾಗಿ ಒಂದು ಹಾಳೆ ಇರತ್ತಲ್ಲ, ಆ ಕೊಳವೆಗಳು ಓಡೋ ದಿಕ್ಕಲ್ಲಿ ರಟ್ಟು ಬಾಗಲ್ಲ, ಅದಕ್ಕೆ ಅಡ್ಡ ಒತ್ತಿದ್ರೆ ಸಲೀಸಾಗಿ ಮಡಚತ್ತೆ. ಹಲಗೆಗೆ ಎಡದಿಂದ ಬಲಕ್ಕೆ ಓಡ್ಬೇಕು, ಶೆಲ್ಫಿನ ಎರಡು ಪಕ್ಕ ನಿಲ್ಲೋ ಗೋಡೆಗೆ ಮೇಲಿಂದ ಕೆಳಕ್ಕೆ. ನಾನು ಹಲಗೆಗೆ ಐದು ಪದರ ಅಂಟಿಸ್ದೆ, ಮೂರು ಉದ್ದಕ್ಕೆ, ನಡುನಡುವೆ ಎರಡು ಅಡ್ಡಕ್ಕೆ, ಪ್ಲೈವುಡ್ ಥರ. ಒಟ್ಟು ಒಂದೂವರೆ ಸೆಂಟಿಮೀಟರ್ ದಪ್ಪ ಬಂತು. ಗಮ್ ತೆಳ್ಳಗೆ ಹಚ್ಚಬೇಕು, ಕೈಬಿಟ್ಟು ಸುರಿದ್ರೆ ರಟ್ಟು ನೀರು ಕುಡಿದು ಮೆತ್ತಗಾಗತ್ತೆ. ಒಂದು ರಾತ್ರಿ ಪೂರ್ತಿ ದಪ್ಪ ದಪ್ಪ ಪುಸ್ತಕದ ಅಡೀಲಿಟ್ವಿ.

ಇನ್ನೊಂದು, ಒಂದೇ ಕಡೆ ಪೇಂಟ್ ಹೊಡೀಬೇಡಿ. ನಾನು ಹೊಡೆದಿದ್ದು ಬೆಳಗ್ಗೆ ಎದ್ದು ನೋಡೋಷ್ಟೊತ್ತಿಗೆ ದೋಣಿ ಥರ ಬಾಗಿತ್ತು. ಎರಡೂ ಮಗ್ಗುಲಿಗೆ ಹೊಡೆದ್ರೆ ಎರಡೂ ಕಡೆ ಸಮ ಎಳೆದು ನೆಟ್ಟಗಿರತ್ತೆ. ಹಿಂದುಗಡೆಗೆ ಒಂದೇ ತುಂಡಿನ ರಟ್ಟು ಪೂರ್ತಿ ಅಂಟಿಸಿ, ಅದಿಲ್ದೆ ಇಡೀ ಶೆಲ್ಫು ಪಕ್ಕಕ್ಕೆ ವಾಲತ್ತೆ. ಆಮೇಲೆ ಹಳೇ ಸ್ಕೂಲ್ ಬ್ಯಾಗಿನ ಎರಡು ಪಟ್ಟಿ ಬಿಚ್ಚಿ ಗೋಡೆಗೆ ಕಟ್ಟಿದೀವಿ, ಯಾಕಂದ್ರೆ ನಾಲ್ಕು ವರ್ಷದ ಹುಡುಗ ಶೆಲ್ಫು ಕಂಡ್ರೆ ಹತ್ತೇ ಹತ್ತತಾನೆ. ಹಲಗೆ ಶೆಲ್ಫಿನ ಪಕ್ಕದ ಗೋಡೆಗೆ ಸೇರೋ ಮೂಲೆ ಒಳಗೆ ಏನಿಟ್ಟೆ ಅಂತ ಮಾತ್ರ ಹೇಳಲ್ಲ, ಅದು ಶೆಲ್ಫು ಬೀಳಿಸಿ ಕಲ್ತಿದ್ದು.

ಚಂದ್ರನ ಕತೆ ಬೇರೆ. ಬಲೂನಿನ ಮೇಲೆ ಪೇಪರ್ ಅಂಟಿಸಿ ದೊಡ್ಡ ಚಂದ್ರ ಮಾಡೋಣ ಅಂತ ಒಂದೇ ದಿನ ಎಂಟು ಪದರ ಹಾಕಿಬಿಟ್ವಿ, ಮಕ್ಕಳಿಗೆ ಆತುರ, ನನಗೂ ಆತುರ. ಮೇಲೆ ಮುಟ್ಟಿದ್ರೆ ಒಣಗಿದೆ, ಒಳಗೆ ಹಸಿ ಹಸಿ. ಐದನೇ ದಿನ ರೂಮಲ್ಲಿ ಮುಗ್ಗಲು ವಾಸನೆ, ಕತ್ತರಿಸಿ ನೋಡಿದ್ರೆ ಒಳಗೆಲ್ಲ ಹಸಿರು ಬೂಷ್ಟು. ಮಗಳು ಅವತ್ತು ಊಟಾನೂ ಮಾಡದೆ ಅತ್ತಳು. ಎರಡನೇ ಚಂದ್ರನಿಗೆ ದಿನಕ್ಕೆ ಎರಡೇ ಪದರ, ಅದು ಒಣಗಿ ಬಾರಿಸಿದ್ರೆ ಟಕ್ ಟಕ್ ಅನ್ನೋ ತನಕ ಮುಂದಿನದು ಇಲ್ಲ. ಅಂಟು ಒಂದು ಲೋಟ ಮೈದಾಗೆ ಐದು ಲೋಟ ನೀರು, ಗಂಟಿಲ್ದಂಗೆ ಕುದಿಸಿದ್ದು. ಬುಕ್ ಬೈಂಡಿಂಗ್ ಮಾಡೋರು ಹುಳ ಬೀಳ್ದಿರ್ಲಿ ಅಂತ ಅಂಟಿಗೆ ಮೈಲುತುತ್ತ ಹಾಕೋದುಂಟು, ಅದು ವಿಷ, ಮಕ್ಕಳು ಕೈ ಹಾಕೋ ಅಂಟಿಗೆ ಬೇಡವೇ ಬೇಡ. ಅದರ ಬದಲು ನಾನು ಹಾಕೋದೊಂದಿದೆ, ಅದು ನನ್ನಲ್ಲೇ ಇರಲಿ.

ಈ ಚಂದ್ರ ಮಾಡೋವಾಗಲೇ ನನಗೆ ಮುಖ್ಯವಾದ ವಿಷಯ ತಿಳಿದಿದ್ದು. ಅಲ್ಲಿತನಕ ನಾಜೂಕಿನ ಕೆಲಸ ನಾನೇ ಮಾಡಿ ಮಕ್ಕಳಿಗೆ ಕೊನೇಲಿ ಬಣ್ಣ ಹಚ್ಚೋಕೆ ಕೊಡ್ತಿದ್ದೆ, ಹತ್ತು ನಿಮಿಷಕ್ಕೆ ಎದ್ದು ಹೋಗೋರು. ಒಂದಿನ ಸಮಯ ಇಲ್ದೆ ಪೇಪರ್ ಹರಿಯೋದು ಮಗನಿಗೆ ಬಿಟ್ಟೆ. ನಾನು ಕತ್ತರೀಲಿ ನೀಟಾಗಿ ಕತ್ತರಿಸಿದ ಪಟ್ಟಿಗಳ ಅಂಚು ಒಣಗಿದ ಮೇಲೆ ಗೆರೆ ಗೆರೆಯಾಗಿ ಎದ್ದು ಕಾಣ್ತಿತ್ತು, ಅವನು ಹರಿದ ತುಂಡುಗಳ ಅಂಚು ನಾರುನಾರಾಗಿ ತೆಳ್ಳಗಿರೋದ್ರಿಂದ ಒಂದರೊಳಗೊಂದು ಸೇರ್ಕೊಂಡು ಎಲ್ಲಿ ಮುಗೀತು ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗ್ತಿರಲಿಲ್ಲ. ಅವತ್ತಿಂದ ಹರಿಯೋದು ಅವನ ಇಲಾಖೆ. ಬಂದವರನ್ನೆಲ್ಲ ಕೈ ಹಿಡ್ಕೊಂಡು ಹೋಗಿ "ಇದು ನಾನು ಹರಿದಿದ್ದು" ಅಂತ ಚಂದ್ರನ್ನ ತೋರಿಸ್ತಾನೆ. ಅಳತೆ ಮಗಳದ್ದು, ಅವಳಿಗೆ ಎಂಟು ವರ್ಷ, ದಾರ ಹಿಡಿದು ಗಂಟು ಹಾಕಿ ಅಳೀತಾಳೆ, ನನ್ನ ಸ್ಕೇಲಿಗಿಂತ ಕರೆಕ್ಟ್. ಕಟರ್, ಇಸ್ತ್ರಿ ಪೆಟ್ಟಿಗೆ ಮಾತ್ರ ನನ್ನ ಕೈಲೇ.

ಇಸ್ತ್ರಿ ಪೆಟ್ಟಿಗೆ ಯಾಕೆ ಅಂದ್ರೆ ಬಾಟ್ಲಿಗೆ. ನೀರಿನ ಬಾಟ್ಲಿ ಅರ್ಧಕ್ಕೆ ಕತ್ತರಿಸಿದ ಅಂಚು ಕೈ ಕುಯ್ಯತ್ತೆ. ಕಡಿಮೆ ಬಿಸಿ ಇಟ್ಟು, ನಡುವೆ ಒಂದು ಬೇಕಿಂಗ್ ಪೇಪರ್ ಹಾಕಿ, ಬಾಟ್ಲಿಯ ಕತ್ತರಿಸಿದ ಅಂಚನ್ನ ಅದ್ರ ಮೇಲೆ ಎರಡು ಮೂರು ಸೆಕೆಂಡ್ ಒತ್ತಿ, ಅಂಚು ತಾನಾಗಿ ಒಳಗೆ ಮಡಚ್ಕೊಂಡು ದುಂಡಗಾಗತ್ತೆ, ಪೆನ್ಸಿಲ್ ಡಬ್ಬ ರೆಡಿ. ಅದ್ರ ಮೇಲೆ ನೇರ ಪೇಂಟ್ ಹೊಡೆದಿದ್ದು ವಾರಕ್ಕೆ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಈಗ ಮೊದಲು ಸ್ಯಾಂಡ್ ಪೇಪರಲ್ಲಿ ಉಜ್ಜಿ, ಟಿಶ್ಯೂ ಪೇಪರನ್ನ ನೀರು ಬೆರೆಸಿದ ಗಮ್ಮಲ್ಲಿ ಅಂಟಿಸಿ ಆಮೇಲೇ ಪೇಂಟು.

ಜ್ಯೂಸ್ ಬರೋ ಟೆಟ್ರಾ ಪ್ಯಾಕಿಗೂ ಇದೇ ತೊಂದ್ರೆ. ಮುಕ್ಕಾಲು ಭಾಗ ಕಾಗದ ಆದ್ರೂ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಇರತ್ತೆ, ಅದು ಬಣ್ಣ ಹಿಡಿಯಲ್ಲ. ಡಬ್ಬ ತೊಳೆದು ಚೆನ್ನಾಗಿ ಮುದುರಿ ಮುದುರಿ ಮೆತ್ತಗೆ ಮಾಡಿ, ಮೂಲೆಯಿಂದ ಎಳೆದ್ರೆ ಪ್ರಿಂಟಿನ ಪದರ ಸಿಪ್ಪೆ ಥರ ಬರತ್ತೆ, ಕೆಳಗೆ ಒರಟು ಕಾಗದ ಉಳಿಯತ್ತೆ. ಬಣ್ಣ ಅದಕ್ಕೆ ಸೊಗಸಾಗಿ ಕೂರತ್ತೆ. ಅದ್ರಲ್ಲಿ ಸಾಲಾಗಿ ಏಳು ಪುಟ್ಟ ಮನೆ ಮಾಡಿ ಕಿಟಕಿ ಕತ್ತರಿಸಿ ಒಳಗೆ ಎಲ್‌ಇಡಿ ಸರ ಇಟ್ಟಿದೀವಿ. ಬಿಸಿಯಾಗೋ ಬಲ್ಬ್ ಕಾಗದದೊಳಗೆ ಬೇಡ, ಬಟನ್ ಸೆಲ್ಲಿನ ಸರನೂ ಬೇಡ, ಮಕ್ಕಳು ಆ ಪುಟ್ಟ ಸೆಲ್ ನುಂಗಿದ್ರೆ ಪ್ರಾಣಕ್ಕೇ ಬರತ್ತೆ. ನಮ್ಮದು ಯುಎಸ್‌ಬಿದು. ನನ್ನ ತಂಗಿ ಮಗುಗೆ ಒಂದೂವರೆ ವರ್ಷ, ಅದು ಬರೋ ಮುಂಚೆ ಟಿಶ್ಯೂ ರೋಲಿನ ಕೊಳವೆ ಹಿಡಿದು ನೋಡ್ತೀವಿ, ಅದರೊಳಗೆ ತೂರೋ ಸಾಮಾನೆಲ್ಲ ಗಂಟಲಲ್ಲಿ ಸಿಕ್ಕೊಳ್ಳಬಾರ್ದು ಅಂತ ಮೇಲಕ್ಕೆ.

ಮಧ್ಯೆ ಹಳೇ ಸಿಡಿ ತುಂಡು ಮಾಡಿ ಕನ್ನಡಿ ಚೂರಿನ ಥರ ಅಂಟಿಸೋ ಪ್ರಯೋಗನೂ ಮಾಡ್ದೆ. ಬಿಸಿನೀರಲ್ಲಿ ನೆನೆಸಿದ್ರೂ ಅಂಚು ಚೂಪು, ಬೆಳ್ಳಿ ಪದರ ಪುಡಿಯಾಗಿ ಉದುರತ್ತೆ, ಕೈಬಿಟ್ಟೆ. ಮಿಕ್ಕ ಬಣ್ಣನೆಲ್ಲ ಮಕ್ಕಳು ಒಂದೇ ಡಬ್ಬಕ್ಕೆ ಸುರಿದು ಮಣ್ಣಿನ ಬಣ್ಣ ಮಾಡಿಟ್ಟಿದ್ರು, ನನಗೆ ಸಿಟ್ಟು ಬಂದಿತ್ತು, ಆದ್ರೆ ಗೋಡೆ ಮೇಲಿನ ರಟ್ಟಿನ ಮರದ ಕಾಂಡಕ್ಕೆ ಅಂಥ ಬಣ್ಣ ಅಂಗಡೀಲೂ ಸಿಗಲ್ಲ.

ಆ ಮರದಿಂದ ಕಡ್ಡಿ ಕೆಳಗೆ ಕಡ್ಡಿಯಾಗಿ ತೂಗೋ ಹಕ್ಕಿಗಳನ್ನ ಮೇಲಿಂದ ಕಟ್ಟೋಕೆ ಹೋಗಿ ಎರಡು ಸಂಜೆ ಹಾಳಾಯ್ತು. ಕೆಳಗಿನ ಕಡ್ಡಿಯಿಂದ ಶುರು ಮಾಡ್ಬೇಕು. ಎರಡು ತುದಿಗೆ ಹಕ್ಕಿ ಕಟ್ಟಿ, ಕಡ್ಡಿ ನಡುವೆ ಕಟ್ಟಿದ ದಾರನ ಆಚೆ ಈಚೆ ಸರಿಸಿ ಸಮ ನಿಂತ ಜಾಗಕ್ಕೆ ಒಂದು ತೊಟ್ಟು ಗಮ್, ಆಮೇಲೆ ಅದರ ಮೇಲಿನ ಕಡ್ಡಿ.

ಶೆಲ್ಫಿನ ಬುಡ ಒಂದೇ ಸ್ವಲ್ಪ ತೊಂದ್ರೆ ಕೊಟ್ಟಿದ್ದು, ನೆಲ ಒರೆಸೋ ನೀರು ತಾಗಿ ಎರಡು ಮೂಲೆ ಉಬ್ಬಿತ್ತು. ಆ ಭಾಗ ಕತ್ತರಿಸಿ ಹೊಸ ರಟ್ಟು ಕೂರಿಸಿ, ಕೆಳಗೆ ಬಾಟ್ಲಿ ಮುಚ್ಚಳ ಎರಡೆರಡು ಒಂದರ ಮೇಲೊಂದು ಅಂಟಿಸಿ ಎಂಟು ಕಾಲು ಮಾಡಿದ್ವಿ. ಮುಚ್ಚಳದ ಬಣ್ಣ ಆರಿಸಿದ್ದು ಮಗ, ಎಂಟೂ ಕೆಂಪೇ.