ಹಳೇ ಬದುಕು ಬಿಟ್ಟು ಚರ್ಚ್ ಸಭೆಯವರ ಜೊತೆ ಬಾಳುವುದು ಹೇಗೆ?

ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವಾಗಿನ ನೀರಿನ ಸಂಸ್ಕಾರ) ಆಯ್ತು, ಇನ್ನೆಲ್ಲ ಸರಿಹೋಗುತ್ತದೆ ಅಂತ ಸುಮ್ನೆ ಕೂರಬೇಡಿ. ಪಾಪ ಬಿಟ್ಟ ಜಾಗ ಖಾಲಿಯಿದ್ದರೆ ಹಳೇ ಚಟ ವಾಪಸ್ ಬರುತ್ತದೆ. ಬೈಬಲಿನಲ್ಲಿ, ಎಫೆಸ ಪಟ್ಟಣದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲ ಪೌಲ ಕಳ್ಳನಿಗೆ ಕದಿಯಬೇಡ ಅಂತ ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ಕೈಯಾರೆ ದುಡಿ, ಇಲ್ಲದವರಿಗೂ ಕೊಡುವಂತಾಗು ಅನ್ನುತ್ತಾನೆ. ನೀವೂ ಹಾಗೇ ಮಾಡಿ. ಕುಡಿತಕ್ಕೆ ಹೋಗುತ್ತಿದ್ದ ಸಂಜೆಯಲ್ಲಿ ಹಾಸಿಗೆ ಹಿಡಿದವರೊಬ್ಬರ ಮನೆಗೆ ಹೋಗಿ, ಔಷಧಿ ತಂದುಕೊಡಿ, ಪಾತ್ರೆ ತೊಳೆಯಿರಿ, ಅವರು ಕೇಳಿದರೆ ಪ್ರಾರ್ಥನೆ ಮಾಡಿ, ಉಪದೇಶ ಬೇಡ. (ದಿನಾ ಜಾಸ್ತಿ ಕುಡಿಯುತ್ತಿದ್ದವರು ವೈದ್ಯರನ್ನು ಕೇಳಿಯೇ ನಿಲ್ಲಿಸಿ, ದಿಢೀರನೆ ಬಿಡುವುದು ಅಪಾಯ.)

ಯಾರಿಗಾದರೂ ಮೋಸ ಮಾಡಿದ್ದರೆ ದೇವರ ಹತ್ತಿರ ಕ್ಷಮೆ ಕೇಳಿದರಷ್ಟೇ ಸಾಲದು, ದುಡ್ಡು ವಾಪಸ್ ಕೊಡಿ. ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದಿದ್ದ, ಅಲ್ವಾ? ಅಷ್ಟಾಗದಿದ್ದರೆ ಅಸಲನ್ನಾದರೂ ಕಂತಿನಲ್ಲಿ ತೀರಿಸಿ.

ಒಗ್ಗಟ್ಟು ಇದಕ್ಕಿಂತ ಕಷ್ಟ. ಮೈಕ್ ಯಾರ ಕೈಲಿರಬೇಕು ಅನ್ನುವುದಕ್ಕೂ ಸಭೆ ಒಡೆಯುತ್ತದೆ! ಮನಸ್ತಾಪ ಬಂದರೆ ಬೈಬಲಿನ ಮತ್ತಾಯ ಸುವಾರ್ತೆಯ 18ನೇ ಅಧ್ಯಾಯದ ದಾರಿ ಹಿಡಿಯಿರಿ: ಮೊದಲು ಅವರೊಬ್ಬರ ಹತ್ತಿರವೇ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಸಭೆಯ ಮುಂದಿಡುವುದು ಆಮೇಲೆ. ವಾಟ್ಸಾಪ್ ಗುಂಪಿನಲ್ಲಿ 'ಇವರಿಗಾಗಿ ಪ್ರಾರ್ಥಿಸಿ' ಅಂತ ಇನ್ನೊಬ್ಬರ ಗುಟ್ಟು ಹಾಕುವುದು ಚಾಡಿಯೇ.

ಇಷ್ಟದವರಿಗೆ ಮಾತ್ರ ಸೇವೆ ಮಾಡಬೇಡಿ. ಯೇಸು ಶಿಷ್ಯರ ಕಾಲು ತೊಳೆದಾಗ ಆತನನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಇದ್ದ. ಹಾಗೇ, ನಿಮಗೆ ಯಾರಾದರೂ ಸಹಾಯ ಮಾಡಲು ಬಂದರೆ ಸಂಕೋಚಪಟ್ಟು ಬೇಡ ಅನ್ನಬೇಡಿ; ಯೇಸು ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಮೊದಲು ಹಾಗೇ ಅಂದಿದ್ದ.