ಒಳಗೆ ದಾವಣಗೆರೆ, ಮೇಲೆ ಟೊರಾಂಟೊ

ಮಗಳ ಬಾಣಂತನಕ್ಕೆಂದು ಕೆನಡಾಕ್ಕೋ ಅಮೆರಿಕಕ್ಕೋ ಹೊರಟ ತಾಯಂದಿರಿಗೆ ಹೋಗುವಾಗ ಏನು ಹಾಕಿಕೊಳ್ಳಬೇಕು ಅಂತ ಹೇಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಬರುವಾಗಿನ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮ ಮನೆಗೆ ನಾವು ಬರುವುದಕ್ಕೆ ಏನು ತಯಾರಿ ಅಂತ ನಾನೂ ಅಂದುಕೊಂಡಿದ್ದೆ. ಮೂರು ಸಲ ಟೊರಾಂಟೊದ ಚಳಿಯಿಂದ ದಾವಣಗೆರೆಯ ಬಿಸಿಲಿಗೆ ಬಂದಿಳಿದ ಮೇಲೆ ಹೇಳುತ್ತೇನೆ, ಹೋಗುವುದಕ್ಕಿಂತ ಬರುವುದಕ್ಕೇ ಹೆಚ್ಚು ಯೋಚನೆ ಬೇಕು.

ಮೊದಲ ಸಲ ಬಂದದ್ದು 2019ರ ಫೆಬ್ರವರಿಯಲ್ಲಿ. ಮಗಳ ಮನೆ ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಹೊರಡುವ ದಿನ ಹೊರಗೆ ಮೈನಸ್ 16. “ಅವ್ವಾ, ದಾರೀಲಿ ಥಂಡಿ ಹತ್ತಿದ್ರೆ ಯಾರು ನೋಡ್ತಾರೆ?” ಅಂತ ಅವಳೇ ಮುಂದೆ ನಿಂತು ತೊಡಿಸಿದಳು. ಥರ್ಮಲ್ ಅನ್ನುವ ಮೈಗಂಟಿದ ಚಳಿ ಒಳಉಡುಪು ಮೇಲಕ್ಕೊಂದು ಕೆಳಕ್ಕೊಂದು, ಅದರ ಮೇಲೆ ಸೀರೆ, ಉಣ್ಣೆ ಸ್ವೆಟರ್, ಮೊಳಕಾಲು ಮುಚ್ಚುವ ಜಾಕೆಟ್, ಕಾಲಿಗೆ ಹಿಮದ ಬೂಟು. ವಿಮಾನ ಹತ್ತಿ ಕೂತ ಮೇಲೆ ರೆಕ್ಕೆಯ ಹಿಮ ಕರಗಿಸಲು ಉದ್ದನೆಯ ಯಂತ್ರದ ತೋಳಿನಿಂದ ಕಿತ್ತಳೆ ಬಣ್ಣದ ಬಿಸಿ ದ್ರವ ಸುರಿಯತೊಡಗಿದರು. ಅದರ ವಾಸನೆ ಒಳಗೆ ಬರಬಾರದೆಂದು ಆ ಹೊತ್ತಿನಲ್ಲಿ ಹೊರಗಿನ ಗಾಳಿ ಬಿಡುವುದನ್ನು ನಿಲ್ಲಿಸುತ್ತಾರೆ. ಮುಕ್ಕಾಲು ಗಂಟೆ ಅಷ್ಟು ಬಟ್ಟೆಯಲ್ಲಿ ಬೆಂದೆ. ಜಾಕೆಟ್ ತೆಗೆದೆ, ಸ್ವೆಟರ್ ತೆಗೆದೆ. ಸೀರೆಯೊಳಗಿನ ಥರ್ಮಲ್ ತೆಗೆಯಬೇಕೆಂದರೆ ಸೀರೆಯನ್ನೇ ಬಿಚ್ಚಬೇಕು. ವಿಮಾನದ ಶೌಚಾಲಯದಲ್ಲಿ ಮೊಣಕೈ ಆಡಿಸಲೂ ಜಾಗವಿಲ್ಲ.

ಹಾಗೇ ವಿಮಾನ ಬದಲಿಸುವ ಜರ್ಮನಿಯ ಫ್ರಾಂಕ್‌ಫರ್ಟ್, ಹಾಗೇ ಬೆಂಗಳೂರು. ಬಂದ ಮೇಲೆ ಉಡಲೆಂದು ಇಟ್ಟ ಹತ್ತಿ ಸೀರೆ ದೊಡ್ಡ ಸೂಟ್‌ಕೇಸಿನಲ್ಲಿತ್ತು. ಆ ಸೂಟ್‌ಕೇಸ್ ಬೆಲ್ಟಿನ ಮೇಲೆ ಬರಲೇ ಇಲ್ಲ. ದೂರು ಬರೆಸಿ ಹೊರಗೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಶಿರಾ ದಾಟುವಾಗ ಬಿಸಿಲು ಏರಿತು, ಹಿರಿಯೂರಿನ ಹತ್ತಿರ ತಲೆ ಸುತ್ತಿ ಕಣ್ಣಿಗೆ ಕತ್ತಲೆ ಬಂತು. ನಮ್ಮ ಯಜಮಾನ್ರು ಕಾರು ನಿಲ್ಲಿಸಿ ಎಳನೀರು ಕುಡಿಸಿದರು. ರಸ್ತೆ ಬದಿಯ ಹೋಟೆಲಿನ ಹೆಣ್ಣುಮಗಳೊಬ್ಬರು ತಮ್ಮ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಅಲ್ಲಿ ಆ ಥರ್ಮಲ್ ಕಳಚಿದ ಮೇಲೆಯೇ ನನಗೆ ಜೀವ ಬಂದದ್ದು. ಸೂಟ್‌ಕೇಸ್ ಮೂರು ದಿನ ಬಿಟ್ಟು ಮನೆಗೆ ತಲುಪಿತು.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಮಗಳ ಮನೆಯೊಳಗೆ ಹೀಟರ್ ಇರುವುದರಿಂದ 21–22 ಡಿಗ್ರಿ. ಕಾರು ಗ್ಯಾರೇಜಿನಲ್ಲೇ ಬೆಚ್ಚಗಾಗಿರುತ್ತದೆ. ಅಲ್ಲಿಂದ ಪಿಯರ್ಸನ್ ವಿಮಾನ ನಿಲ್ದಾಣ ಇಪ್ಪತ್ತೇ ನಿಮಿಷ. ನಿಲ್ದಾಣದೊಳಗೆ ಬೆಚ್ಚಗೆ, ವಿಮಾನದೊಳಗೆ ಸಾಮಾನ್ಯವಾಗಿ 22–24 ಡಿಗ್ರಿ. ಹಾಗಾದರೆ ನಾನು ನಿಜವಾದ ಚಳಿಯಲ್ಲಿ ನಿಂತದ್ದೆಷ್ಟು ಹೊತ್ತು? ಕಾರಿನಿಂದ ಇಳಿದು ಡಿಕ್ಕಿಯಿಂದ ಸಾಮಾನು ತೆಗೆದು ಬಾಗಿಲು ಸೇರುವ ಐದು ನಿಮಿಷ. ಫ್ರಾಂಕ್‌ಫರ್ಟಿನಲ್ಲಿ ಮೆಟ್ಟಿಲಿಳಿದು ಬಸ್ಸು ಹತ್ತಿದ್ದು ಇನ್ನೈದು ನಿಮಿಷ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಒಂದು ದಿನಕ್ಕೂ ಮಿಕ್ಕಿದ ಪ್ರಯಾಣದಲ್ಲಿ ಚಳಿ ಹತ್ತು ನಿಮಿಷ! ಆ ಹತ್ತು ನಿಮಿಷಕ್ಕೆಂದು ತೊಟ್ಟ ಬಟ್ಟೆಯಲ್ಲಿ ಉಳಿದ ಅಷ್ಟೂ ಹೊತ್ತು ಒದ್ದಾಡಿದ್ದೆ.

ಅವತ್ತಿನಿಂದ ನಾನು ಹಿಡಿದಿರುವ ದಾರಿ ಇದು: ಮೈಗೆ ತಾಗುವ ಬಟ್ಟೆ ದಾವಣಗೆರೆಯದ್ದಾಗಿರಬೇಕು, ಟೊರಾಂಟೊದ್ದೆಲ್ಲ ಅದರ ಮೇಲೆ ಬರಬೇಕು. ಮೇಲಿನದನ್ನು ಕೂತಲ್ಲೇ, ಯಾರ ಸಹಾಯವೂ ಇಲ್ಲದೆ, ಒಂದೊಂದಾಗಿ ತೆಗೆಯಲು ಬರಬೇಕು. ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರ್ ಬೇಡ, ಮುಂದೆ ಗುಂಡಿಯೋ ಜಿಪ್ಪೋ ಇರಲಿ. ಥರ್ಮಲ್ ಮಾತ್ರ ಖಂಡಿತ ಬೇಡ. ಮಕ್ಕಳು ಎಷ್ಟೇ ಒತ್ತಾಯ ಮಾಡಲಿ, ಅದನ್ನು ಮಡಚಿ ದೊಡ್ಡ ಸೂಟ್‌ಕೇಸಿಗೆ ಹಾಕಿಬಿಡಿ.

ಹತ್ತಿ ಬಟ್ಟೆ ಅಂತ ಅಂಗಡಿಯವರು ಕೊಡುವುದೆಲ್ಲ ಹತ್ತಿಯಲ್ಲ. ನಮ್ಮಪ್ಪ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿದ್ದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಹಬ್ಬಕ್ಕೆ ಬಟ್ಟೆ ತಂದರೆ ಅಪ್ಪ ಅಂಚಿನಿಂದ ಒಂದು ಎಳೆ ಎಳೆದು, ಅವ್ವನ ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸುತ್ತಿದ್ದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿ. ಚಳ್ಳಕೆರೆ ಕಂಬಳಿಯ ಎಳೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಎಳೆ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಗುಂಡು ನಿಲ್ಲುತ್ತದೆ. ನನ್ನ ಥರ್ಮಲಿನ ಎಳೆ ಮನೆಗೆ ಬಂದ ಮೇಲೆ ಸುಟ್ಟು ನೋಡಿದೆ, ಗುಂಡು ನಿಂತಿತು. ಒಂದು ದಿನ ಮೈಯಲ್ಲೇ ಇದ್ದರೆ ಅದು ಬೆವರಿನ ವಾಸನೆ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಮಾತು, ವಿಮಾನದಲ್ಲಿ ಬೆಂಕಿಯ ಅನಾಹುತ ಅಪರೂಪ, ಆದರೆ ಆದಾಗ ಇಂಥ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಅಂಟುವುದಿಲ್ಲ. ಹೊಸ ಬಟ್ಟೆ ಕೊಂಡರೆ ನೀವೂ ಒಂದೆಳೆ ಸುಟ್ಟು ನೋಡಿ. ಒಂದೇ ಎಳೆ, ತಟ್ಟೆಯ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು.

ನಾನೀಗ ಹಾಕಿಕೊಳ್ಳುವುದು ಉದ್ದ ತೋಳಿನ ಹತ್ತಿ ಚೂಡಿದಾರ್ ಟಾಪು, ಲಾಡಿ ಕಟ್ಟುವ ಸಡಿಲ ಪ್ಯಾಂಟು. ಇಲಾಸ್ಟಿಕ್ ಬೇಡ, ಲಾಡಿಯೇ ಇರಲಿ. ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅದರ ತುದಿಯಲ್ಲಿ ಎಂಟೊಂಬತ್ತು ಗಂಟೆ ಕೂತ ಹಾಗೆ ಅಂದುಕೊಳ್ಳಿ. ಒತ್ತಡ ಕಡಿಮೆಯಾದಾಗ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಲಾಡಿಯನ್ನು ಬೇಕಾದಷ್ಟು ಸಡಿಲಿಸಬಹುದು.

ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೇನೂ ಉಡದ ಅತ್ತೆಯಂದಿರು, ಅಜ್ಜಿಯರು ಇದ್ದಾರೆ. ಅವರಿಗೆ ಚೂಡಿದಾರ್ ಒತ್ತಾಯ ಮಾಡಬೇಡಿ. ಅಷ್ಟು ದೂರದ ಪ್ರಯಾಣದಲ್ಲಿ ಮೈಮೇಲಿನ ಬಟ್ಟೆಯೂ ಪರಕೀಯವಾದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ನನ್ನ ಬೀಗಿತ್ತಿಯವರನ್ನು ನಾನು ಹೀಗೆ ಸಿದ್ಧ ಮಾಡಿ ಕರೆತಂದೆ. ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆ, ಹೊಸದಲ್ಲ. ಲಂಗವನ್ನು ಎರಡು ಬೆರಳು ಮೇಲಕ್ಕೆ ಕಟ್ಟಿ ಸೀರೆಯನ್ನು ಪಾದದ ಗಂಟಿನ ಮೇಲೆ ನಿಲ್ಲಿಸಬೇಕು, ಯಾಕೆಂದರೆ ವಿಮಾನದ ಶೌಚಾಲಯದ ನೆಲ ಹೊತ್ತು ಕಳೆದಂತೆ ಒದ್ದೆಯಾಗುತ್ತದೆ, ನೆರಿಗೆಯ ಅಂಚು ಅದರಲ್ಲಿ ಅದ್ದಬಾರದು. ಕಾಲಿಗೆ ಚಳಿ ಅಂದರೆ ಲಂಗದೊಳಗೆ ಹತ್ತಿ ಲೆಗ್ಗಿಂಗ್ಸ್ ಸಾಕು, ಅದನ್ನು ಸೀರೆ ಬಿಚ್ಚದೆ ಕೆಳಕ್ಕೆ ಎಳೆದು ತೆಗೆಯಬಹುದು. ರವಿಕೆಯ ಮೇಲೆ ಮುಂದೆ ಗುಂಡಿಯಿರುವ ಸ್ವೆಟರ್, ಅದರ ಮೇಲೆ ಉಣ್ಣೆ ಶಾಲು. ಸೆರಗಿಗೆ ಒಂದೇ ಪಿನ್ನು. ಪಿನ್ನು, ಬಳೆ ಹೆಚ್ಚಾದಷ್ಟೂ ತಪಾಸಣೆಯ ಯಂತ್ರ ಕೂಗುತ್ತದೆ, ಪಕ್ಕಕ್ಕೆ ನಿಲ್ಲಿಸಿ ಮೈ ತಡವುತ್ತಾರೆ, ವಯಸ್ಸಾದವರು ಗಾಬರಿಯಾಗುತ್ತಾರೆ. ತಾಳಿ ತೆಗೆಯಿರಿ ಅಂತ ನಮಗೆ ಎಲ್ಲೂ ಹೇಳಲಿಲ್ಲ.

ಗಂಡಸರದ್ದು ಸುಲಭ. ಬನಿಯನ್, ತುಂಬು ತೋಳಿನ ಹತ್ತಿ ಅಂಗಿ, ಜಿಪ್ಪಿನ ಸ್ವೆಟರ್, ಸಡಿಲ ಪ್ಯಾಂಟು. ಪಾಸ್‌ಪೋರ್ಟ್ ಮಾತ್ರ ಜಾಕೆಟಿನ ಜೇಬಿನಲ್ಲಿ ಇಡಬೇಡಿ, ಜಾಕೆಟ್ ತೆಗೆದು ಮೇಲೆ ಇಟ್ಟು ಮರೆಯುತ್ತೀರಿ. ಅಂಗಿಯ ಜೇಬಿಗೆ ಗುಂಡಿ ಹೊಲಿಸಿ ಅದರಲ್ಲಿಡಿ.

ಕಾಲಿನ ವಿಷಯಕ್ಕೆ ಬರುತ್ತೇನೆ, ಇದನ್ನು ದಯವಿಟ್ಟು ನಿರ್ಲಕ್ಷ್ಯ ಮಾಡಬೇಡಿ. ಹಿಮದ ಬೂಟಿನಲ್ಲಿ ಬಂದ ಆ ಸಲ ಫ್ರಾಂಕ್‌ಫರ್ಟಿನಲ್ಲಿ ಬೂಟು ಕಳಚಿದವಳು ಮತ್ತೆ ಪಾದ ತೂರಿಸಲಾಗದೆ ಅತ್ತುಬಿಟ್ಟಿದ್ದೆ. ಗಂಟೆಗಟ್ಟಲೆ ಕೂತರೆ ಕಾಲಿಗೆ ನೀರಿಳಿದು ಊದುತ್ತದೆ. ಲೇಸನ್ನು ಪೂರ್ತಿ ಸಡಿಲಿಸಬಹುದಾದ ಕ್ಯಾನ್ವಾಸ್ ಶೂ, ಒಳಗೆ ಹತ್ತಿ ಕಾಲುಚೀಲ, ಇಷ್ಟಿದ್ದರೆ ಸಾಕು. ಕಾರಿನಿಂದ ಬಾಗಿಲಿಗೆ ಹೋಗುವ ದಾರಿಯ ಹಿಮವನ್ನು ತೆಗೆದಿರುತ್ತಾರೆ. ವಿಮಾನ ಏರುವಾಗ, ಇಳಿಯುವಾಗ ಶೂ ಕಾಲಲ್ಲೇ ಇರಲಿ, ತುರ್ತಾಗಿ ಇಳಿಯಬೇಕಾದರೆ ಬರಿಗಾಲು ಅಪಾಯ. ನಡುವೆ ಸಡಿಲಿಸಿಕೊಳ್ಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಅದಕ್ಕೆ ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ನಮ್ಮ ಯಜಮಾನ್ರಿಗೆ ಶುಗರ್ ಇರುವುದರಿಂದ ಕಾಲಿನ ರಕ್ತಸಂಚಾರ ನೋಡದೆ ಅದನ್ನು ಹಾಕಬಾರದು ಅಂದರು ನಮ್ಮ ಡಾಕ್ಟರು. ಶುಗರ್ ಇದ್ದವರು ಕೇಳಿಯೇ ಹಾಕಿಕೊಳ್ಳಿ.

ದೊಡ್ಡ ಜಾಕೆಟ್ಟನ್ನು ಏನು ಮಾಡುವುದು? ಅಳಿಯಂದಿರು ನಿಲ್ದಾಣದೊಳಗೆ ಬಂದು ಬಿಡುವುದಾದರೆ, ಒಳಗೆ ಹೋದ ಮೇಲೆ ತೆಗೆದು ಅವರ ಕೈಗೇ ಕೊಟ್ಟುಬಿಡಿ, ಮುಂದಿನ ಸಲಕ್ಕೆ ಅಲ್ಲೇ ಇರುತ್ತದೆ. ತರಲೇಬೇಕೆಂದರೆ ಗರಿ ತುಂಬಿದ ಹಗುರ ಜಾಕೆಟ್ ಒಳ್ಳೆಯದು. ತೋಳುಗಳನ್ನು ಒಳಕ್ಕೆ ಮಡಚಿ, ಕೆಳಗಿನಿಂದ ಸುರುಳಿ ಸುತ್ತುತ್ತಾ ಗಾಳಿ ಹಿಂಡಿ, ಕೊನೆಗೆ ಅದರ ಟೋಪಿಯೊಳಗೇ ತುರುಕಿದರೆ ಲೋಡಿನ ದಿಂಬಿನಷ್ಟಾಗುತ್ತದೆ. ಸೊಂಟದ ಹಿಂದೆ ಇಟ್ಟುಕೊಂಡು ಬರಬಹುದು. ಜಾಕೆಟ್ ಅಲ್ಲೇ ಬಿಟ್ಟರೂ ಶಾಲು, ಕುಲಾವಿ ಕೈಚೀಲದಲ್ಲಿ ಇರಲಿ. ನಡುದಾರಿಯ ಊರಿನಲ್ಲಿ ಮೆಟ್ಟಿಲಿಳಿದು ಬಸ್ಸು ಹತ್ತುವಾಗ ಬೇಕಾಗುತ್ತದೆ, ರಾತ್ರಿ ಎಸಿ ಗಾಳಿ ನೆತ್ತಿಗೆ ಬೀಳುವಾಗಲೂ ಬೇಕಾಗುತ್ತದೆ.

ಕೈಚೀಲದಲ್ಲಿ ಬದಲಿ ಬಟ್ಟೆಯ ಒಂದು ಗಂಟು ಇದ್ದೇ ಇರಬೇಕು. ತೆಳು ಹತ್ತಿಯ ಒಂದು ಜೊತೆ, ಒಳಉಡುಪು, ಬನಿಯನ್, ಹಗುರ ಚಪ್ಪಲಿ. ಹಿರಿಯೂರಿನ ದಾರಿಯಲ್ಲಿ ನನಗಿಲ್ಲದಿದ್ದದ್ದು ಇದೇ. ಬೆಂಗಳೂರಿನಲ್ಲಿ ಇಳಿದ ಮೇಲೆ ನಿಲ್ದಾಣದ ಶೌಚಾಲಯದಲ್ಲಿ ನಿಧಾನಕ್ಕೆ ಬದಲಿಸಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಬನ್ನಿ. ಜೊತೆಗೆ ಒಂದು ಚಿಕ್ಕ ಡಬ್ಬಿ ಕೊಬ್ಬರಿ ಎಣ್ಣೆ, 100 ಮಿಲಿಗಿಂತ ಕಡಿಮೆ ಇರಲಿ. ವಿಮಾನದ ಗಾಳಿಯಲ್ಲಿ ತೇವ ಶೇಕಡಾ 20ಕ್ಕಿಂತಲೂ ಕಡಿಮೆ, ಮೊದಲೇ ಚಳಿಗೆ ಒಡೆದ ಕೈ ತುಟಿ ಇನ್ನಷ್ಟು ಬಿರಿಯುತ್ತದೆ.

ಮೊಮ್ಮಕ್ಕಳು ಜೊತೆಗಿದ್ದರೆ ಅವರ ಕತ್ತಿನ ಹಿಂಭಾಗ ಆಗಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಗು ತಾನಾಗಿ ಸೆಕೆ ಅನ್ನುವುದಿಲ್ಲ, ಅಳುತ್ತದೆ, ನಾವು ಹಸಿವು ಅಂದುಕೊಳ್ಳುತ್ತೇವೆ. ಅಲ್ಲಿಯ ಕಾರಿನಲ್ಲಿ ದಪ್ಪ ಜಾಕೆಟಿನ ಮೇಲೆ ಮಗುವಿನ ಸೀಟಿನ ಬೆಲ್ಟ್ ಬಿಗಿಯಬಾರದು, ಬೆಲ್ಟ್ ಸಡಿಲವೇ ಉಳಿಯುತ್ತದೆ. ಬೆಲ್ಟ್ ಬಿಗಿದು ಮೇಲೆ ಹೊದಿಸಿ.

ಎರಡನೇ ಸಲ 2024ರ ಮಾರ್ಚಿನಲ್ಲಿ, ನಮ್ಮೂರ ದುಗ್ಗಮ್ಮನ ಜಾತ್ರೆಗೆ ಮುಟ್ಟಬೇಕೆಂದು ಹೊರಟು ಬಂದೆವು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಪ್ಪಿಸಲು ಮನಸ್ಸಾಗಲಿಲ್ಲ. ಆ ಸಲ ಬಟ್ಟೆಯೆಲ್ಲ ಸರಿಯಿತ್ತು, ಆದರೂ ಬಂದ ಮರುದಿನವೇ ಮಧ್ಯಾಹ್ನ ಹೊರಗೆ ಹೋಗಿ ಸುಸ್ತಾದೆ. ಸೆಖೆಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ನಾಲ್ಕು ತಿಂಗಳು ಹಿಮದಲ್ಲಿದ್ದ ಮೈಗೆ ಹುಟ್ಟೂರಿನ ಬಿಸಿಲೂ ಹೊಸದು. ಮೊದಲ ವಾರ ಹನ್ನೊಂದರಿಂದ ನಾಲ್ಕರವರೆಗೆ ಮನೆಯೊಳಗಿರಿ. ಸಡಿಲ ಹತ್ತಿ ಬಟ್ಟೆ, ಹೊರಗೆ ಹೋದರೆ ಕೊಡೆ, ಉಪ್ಪು ಹಾಕಿದ ಮಜ್ಜಿಗೆ. ಮೂರನೇ ಸಲ ಇಷ್ಟನ್ನೂ ಪಾಲಿಸಿದೆ, ಒಂದು ದಿನವೂ ಮಲಗಲಿಲ್ಲ.

ಚಳಿ ಬಟ್ಟೆಗಳನ್ನು ಬಂದ ವಾರದಲ್ಲೇ ಒಗೆದು ಚೆನ್ನಾಗಿ ಒಣಗಿಸಿ, ಬೆವರಿದ್ದರೆ ಉಣ್ಣೆಗೆ ಹುಳ ಹಿಡಿಯುತ್ತದೆ. ಗರಿಯ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ಅಟ್ಟಕ್ಕೆ ಹಾಕಬೇಡಿ. ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಹಾಕಿ, ಒಣಗಿದ ಬೇವಿನ ಎಲೆ ಉದುರಿಸಿ ಟ್ರಂಕಿನಲ್ಲಿಡಿ. ನನ್ನದು ಹಾಗೇ ಇತ್ತು. ಕಳೆದ ತಿಂಗಳು ಪಕ್ಕದ ಮನೆಯವರು ಮಗಳ ಬಾಣಂತನಕ್ಕೆ ಹೊರಟಾಗ ತೆಗೆದು ಕೊಟ್ಟೆ, ಬಲಗಡೆಯ ಜೇಬಿನಲ್ಲಿ ಕುಲಾವಿಯನ್ನೂ ಇಟ್ಟು.