ಮುದ್ದೆ ಬಿಡಲಿಲ್ಲ, ಹಿಟ್ಟು ತೂಗಿದೆ

ತೂಕ ಇಳಿಸಬೇಕು ಅಂದ ಕೂಡಲೇ ತುಮಕೂರಿನಲ್ಲಿ ಸಿಗುವ ಮೊದಲ ಸಲಹೆ ‘ಅನ್ನ ಬಿಡು, ಮುದ್ದೆ ತಿನ್ನು’. ಎರಡನೆಯದು ‘ಬೆಳಗ್ಗೆ ಎದ್ದು ಅಮಾನಿಕೆರೆ ಸುತ್ತು’. ಎರಡೂ ತಪ್ಪಲ್ಲ, ಆದರೆ ಎರಡರಲ್ಲೂ ಅಳತೆ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ವ್ಯತ್ಯಾಸ ಇಷ್ಟೇ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಬಹಳ ಜಾಸ್ತಿ, ಆ ಕಾರಣಕ್ಕೆ ಅದು ಒಳ್ಳೆಯದೇ. ಆದರೆ ಪಿಷ್ಟ ಪಿಷ್ಟವೇ. ತಲೆ ಗಾತ್ರದ ಮುದ್ದೆ ನುಂಗಿ ‘ನಾನು ಅನ್ನ ಮುಟ್ಟಲ್ಲ’ ಅಂದರೆ ಹೊಟ್ಟೆ ಒಪ್ಪುವುದಿಲ್ಲ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ವಯಸ್ಸು 41, ಎತ್ತರ 168 ಸೆಂ.ಮೀ., ಶುರುವಿನಲ್ಲಿ ತೂಕ 84 ಕೆಜಿ, ಸೊಂಟ 101 ಸೆಂ.ಮೀ. ಹನ್ನೊಂದು ತಿಂಗಳಾದ ಮೇಲೆ ತೂಕ 71, ಸೊಂಟ 88. ಭಾರತದ ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎನ್ನುವುದು ವೈದ್ಯರು ಬಳಸುವ ಗಡಿ. ನನಗೆ ತೂಕದ ಅಂಕಿಗಿಂತ ಈ 90 ಮುಖ್ಯವಾಗಿತ್ತು. ಟೇಪನ್ನು ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಲ್ಲ, ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಎಳೆದುಕೊಳ್ಳದೆ ಹಿಡಿಯಬೇಕು. ನಾಚಿಕೊಂಡು ಹೊಟ್ಟೆ ಎಳೆದರೆ 4 ಸೆಂ.ಮೀ. ಸುಳ್ಳು ಸಿಗುತ್ತದೆ.

ದಿನಕ್ಕೆ ಎಷ್ಟು ತಿನ್ನಬೇಕು ಎನ್ನುವುದಕ್ಕೆ ಒಂದು ಸೂತ್ರ ಇದೆ: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದು ಪಟ್ಟು ಕಳೆದು, ಗಂಡಸರಾದರೆ 5 ಕೂಡಬೇಕು, ಹೆಂಗಸರಾದರೆ 161 ಕಳೆಯಬೇಕು. ನನಗೆ ಬಂದದ್ದು 1690. ಇದು ಸುಮ್ಮನೆ ಮಲಗಿದ್ದರೂ ದೇಹ ಸುಡುವಷ್ಟು. ಕುರ್ಚಿ ಮೇಲೆ ಕೂತು ಮಾಡುವ ಕೆಲಸ, ಒಂದಿಷ್ಟು ಓಡಾಟ ಸೇರಿಸಿ 1.35ರಿಂದ ಗುಣಿಸಿದರೆ 2280. ಅದರಲ್ಲಿ 500 ಕಡಿಮೆ ಮಾಡಿ 1780 ಎಂದು ಇಟ್ಟುಕೊಂಡೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ, ಅಂದರೆ ಲೆಕ್ಕದ ಪ್ರಕಾರ ಹದಿನೈದು ದಿನಕ್ಕೊಂದು ಕೆಜಿ. ನನಗೆ ಇಳಿದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ, ತಿಂಗಳಿಗೆ 1.2 ಕೆಜಿ ಹತ್ತಿರ. ಹಬ್ಬ, ಮದುವೆ, ಅಳತೆಯ ಎಡವಟ್ಟು ಇವೆಲ್ಲ ಸೇರಿದರೆ ನಿಜ ಜೀವನದ ವೇಗ ಹೀಗೇ ಇರುತ್ತದೆ. ತಿಂಗಳಿಗೆ ಆರೇಳು ಕೆಜಿ ಇಳಿಸುವ ಆಸೆ ಇದ್ದವರು ಒಂದು ತಿಳಿದಿರಲಿ: ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವ ಹೆಚ್ಚು, ಮಾಂಸಖಂಡವೂ ಕರಗುತ್ತದೆ.

ಈಗ ಮುದ್ದೆ. 300 ಗ್ರಾಂ ಹಿಟ್ಟಿಗೆ 700 ಮಿಲಿ ನೀರು ಎಸರಿಟ್ಟು ತೊಳಸಿದರೆ, ಆವಿ ಹೋಗಿ ಸುಮಾರು 900 ಗ್ರಾಂ ಮುದ್ದೆ ಆಗುತ್ತದೆ. ಹಾಗಾಗಿ ತಟ್ಟೆಯಲ್ಲಿರುವ ಮುದ್ದೆ ತೂಗಿ ಮೂರರಿಂದ ಭಾಗಿಸಿದರೆ ಅದರಲ್ಲಿರುವ ಹಿಟ್ಟು ಸಿಗುತ್ತದೆ. ಅಡುಗೆಮನೆಯಲ್ಲಿಡುವ 5 ಕೆಜಿಯ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಇದಕ್ಕೆ ಸಾಕು. ನನ್ನ ಪಾಲು 225 ಗ್ರಾಂ ಮುದ್ದೆ, ಅಂದರೆ 75 ಗ್ರಾಂ ಹಿಟ್ಟು, 240 ಕ್ಯಾಲೊರಿ. ಮೊದಲು ನಾನು ‘ಒಂದೇ ಮುದ್ದೆ’ ಎಂದು ತಿನ್ನುತ್ತಿದ್ದದ್ದನ್ನು ತೂಗಿದಾಗ 420 ಗ್ರಾಂ ಇತ್ತು. ಮುದ್ದೆ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ ಎನ್ನುವುದು ಇದಕ್ಕೇ. ಒಂದು ಅನ್ನುವುದು ಕಟ್ಟುವವರ ಅಂಗೈ ಮೇಲೆ ಹೋಗುತ್ತದೆ.

ಇನ್ನೊಂದು ವಿಷಯ ನುಂಗುವ ವೇಗ. ಮುದ್ದೆ ಅಗಿಯುವ ಪದಾರ್ಥ ಅಲ್ಲ, ನಾಲ್ಕು ನಿಮಿಷದಲ್ಲಿ ತಟ್ಟೆ ಖಾಲಿ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಎರಡು ಸೌಟು ಅನ್ನ ಬಿದ್ದಿರುತ್ತದೆ. ನಾನು ಮಾಡಿದ್ದು ಇಷ್ಟೇ: ಮೊದಲು ಒಂದು ಬಟ್ಟಲು ಪಲ್ಯ ಅಥವಾ ಸೊಪ್ಪು, ಸಾರಿನ ಕಾಳನ್ನು ಅಗಿದು ತಿನ್ನುವುದು, ಆಮೇಲೆ ಮುದ್ದೆ. ರಾಗಿ ಗಂಜಿ, ರಾಗಿ ಮಾಲ್ಟ್ ಅಂತ ಕುಡಿಯುವುದನ್ನು ಬಿಟ್ಟೆ. ಕುಡಿದದ್ದು ಬೇಗ ಇಳಿಯುತ್ತದೆ, ಬೇಗ ಹಸಿವಾಗುತ್ತದೆ, ಮಾಲ್ಟಿಗೆ ಬೆಲ್ಲವೂ ಬೀಳುತ್ತದೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎನ್ನುವವರಿಗೆ: ತೂಕದ ಲೆಕ್ಕದಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ.

ನಿಜವಾದ ಸೋರಿಕೆ ಮುದ್ದೆಯಲ್ಲಿ ಅಲ್ಲ, ಬಾಂಡ್ಲಿಯಲ್ಲಿ. ಅಡುಗೆ ಎಣ್ಣೆ ಪ್ಯಾಕೆಟ್ ತಂದ ದಿನ ಅದರ ಮೇಲೆ ತಾರೀಖು ಬರೆದಿಡಿ. ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 5 ಲೀಟರ್ ಆಗುತ್ತಿತ್ತು. ಒಂದು ಲೀಟರ್ ಎಣ್ಣೆ 910 ಗ್ರಾಂ, ಗ್ರಾಂಗೆ 9 ಕ್ಯಾಲೊರಿ. ತಲೆಗೆ ದಿನಕ್ಕೆ 38 ಗ್ರಾಂ, 340 ಕ್ಯಾಲೊರಿ. ಒಂದೂವರೆ ಮುದ್ದೆಯಷ್ಟು ಎಣ್ಣೆ, ಕಣ್ಣಿಗೇ ಬೀಳದೆ. ಪ್ಯಾಕೆಟಿನಿಂದ ನೇರ ಸುರಿಯುವುದನ್ನು ನಿಲ್ಲಿಸಿ ಚಮಚದಲ್ಲಿ ಅಳೆದು ಹಾಕಿದ್ದರಿಂದ ಎರಡೂವರೆ ಲೀಟರಿಗೆ ಬಂತು. ಸಾಸಿವೆ ಸಿಡಿಯಲು ನಾಲ್ಕು ಜನರ ಸಾರಿಗೆ ಎರಡು ಟೀ ಚಮಚ ಸಾಕು. ಬಾಂಡ್ಲಿ ಅಗಲವಾಗಿದ್ದರೆ ಅಷ್ಟು ಎಣ್ಣೆ ತಳಕ್ಕೆ ಹರಡಿ ಒಗ್ಗರಣೆ ಸೀಯುತ್ತದೆ, ಅದಕ್ಕೇ ಕೈ ಮತ್ತೆ ಪ್ಯಾಕೆಟಿಗೆ ಹೋಗುವುದು. ಚಿಕ್ಕ ಒಗ್ಗರಣೆ ಸೌಟು ಕೊಂಡುಕೊಳ್ಳಿ.

ಆಮೇಲೆ ತೆಂಗಿನಕಾಯಿ. ತಿಪಟೂರು ಕೊಬ್ಬರಿಯ ಜಿಲ್ಲೆಯಲ್ಲಿ ಕೂತು ಕಾಯಿಗೆ ಕೈ ಬಿಗಿ ಹಿಡಿಯಿರಿ ಅನ್ನುವುದು ಕಷ್ಟದ ಮಾತು. ಒಂದು ಹೋಳು ಕಾಯಿ ತುರಿ ಸುಮಾರು 120 ಗ್ರಾಂ, 430 ಕ್ಯಾಲೊರಿ. ಕಾಯಿ ಕಡಿಮೆ ಮಾಡಿದರೆ ಸಾರು ನೀರಾಗುತ್ತದೆ, ಮನೆಯವರು ಮುಖ ಸಿಂಡರಿಸುತ್ತಾರೆ. ಇದಕ್ಕೆ ಪರಿಹಾರ ಬಸ್ಸಾರಿನಲ್ಲೇ ಇದೆ. ಬೆಂದ ಕಾಳಿನಲ್ಲಿ ಒಂದು ಹಿಡಿ ತೆಗೆದು ಮಸಾಲೆ ಜೊತೆ ರುಬ್ಬಿದರೆ ಸಾರಿಗೆ ಮಂದ ಬರುತ್ತದೆ. ಹುರುಳಿ, ಅಲಸಂದೆ, ಹೆಸರುಕಾಳು ಯಾವುದಾದರೂ ಆಗುತ್ತದೆ. ಕಾಯಿ ಕಾಲು ಹೋಳಿಗೆ ಇಳಿಸಿ, ಪರಿಮಳಕ್ಕೆ ಮಾತ್ರ. ಹಿತಕಬೇಳೆ ಸಾರಿಗೆ ಮಾತ್ರ ನಾನು ಈ ಜಿಪುಣತನ ಮಾಡಲಿಲ್ಲ. ಅವರೆ ಸೀಸನ್ ವರ್ಷಕ್ಕೆ ಎರಡು ತಿಂಗಳು.

ಕಡಲೆಬೀಜಕ್ಕೂ ಇದೇ ಲೆಕ್ಕ. ಹುರಿದ ಬೀಜ ಬಾಯಾಡಿಸಲು ಒಳ್ಳೆಯದು, ಆದರೆ 100 ಗ್ರಾಂಗೆ 560 ಕ್ಯಾಲೊರಿ ಮೇಲೆ. ಪಾವಗಡದ ಕಡೆಯಿಂದ ಮೂಟೆ ಬಂದ ಮನೆಯಲ್ಲಿ ಡಬ್ಬಿಗೆ ಕೈ ಹಾಕಿದಾಗಲೆಲ್ಲ 30 ಗ್ರಾಂ ಹೋಗುತ್ತದೆ. ನಾನು ಬೆಳಗ್ಗೆಯೇ 20 ಗ್ರಾಂ ತೂಗಿ ಒಂದು ಚಿಕ್ಕ ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ. ಡಬ್ಬಿ ಖಾಲಿಯಾದರೆ ಮುಗಿಯಿತು.

ಕಳೆಯುವುದು ಇಷ್ಟಾದರೆ, ಕೂಡಬೇಕಾದದ್ದು ಪ್ರೊಟೀನ್. ನಮ್ಮ ಊಟದ ದೊಡ್ಡ ಕೊರತೆ ಇದೇ. ಸಾರಿನಲ್ಲಿ ಕಾಳು ಹುಡುಕಬೇಕು. ಮುಟ್ಟಬೇಕಾದ ತೂಕದ ಕೆಜಿಗೆ 1ರಿಂದ 1.2 ಗ್ರಾಂ ಎಂದು ಇಟ್ಟುಕೊಂಡರೆ ನನಗೆ 70ರಿಂದ 84 ಗ್ರಾಂ. ಬಂದದ್ದು ಹೀಗೆ: ಎರಡು ಮೊಟ್ಟೆಗೆ 12, ಎರಡು ಹೊತ್ತು ತಲಾ 40 ಗ್ರಾಂ ಒಣಕಾಳಿಗೆ 18, ಕಾಲು ಲೀಟರ್ ಮೊಸರಿಗೆ 8, ಕಾಲು ಲೀಟರ್ ಹಾಲಿಗೆ 8, ಸೋಯಾ ಚಂಕ್ಸ್ 25 ಗ್ರಾಂಗೆ 13, ಮುದ್ದೆ ಮತ್ತು ತಿಂಡಿ ಸೇರಿ 10, ಕಡಲೆಬೀಜಕ್ಕೆ 5. ಒಟ್ಟು 74. ಭಾನುವಾರ ಸೋಯಾ ಬದಲು ಕೋಳಿ. ಸೋಯಾವನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಹಿಂಡಿ ನೀರು ಚೆಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತದೆ. ಬಹಳ ಜನ ಅದನ್ನು ಬಿಡುವುದು ಈ ಕಾರಣಕ್ಕೆ. ಹಾಲು ಮೊಸರಿಗೆ ನೀಲಿ ಪ್ಯಾಕೆಟ್ ಸಾಕು, ಅದರಲ್ಲಿ ಕೊಬ್ಬು ಶೇ 3. ಕಾಳು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರ ಖಂಡಿತ. ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಸಾಧ್ಯವಾದರೆ ಮೊಳಕೆ ಬರಿಸಿ, ವಾರಕ್ಕೆ ಹತ್ತು ಗ್ರಾಂ ಲೆಕ್ಕದಲ್ಲಿ ಏರಿಸಿ.

ತಟ್ಟೆ ಇಡ್ಲಿ ಬಗ್ಗೆ ಕೇಳುವವರು ಬಹಳ. ಕ್ಯಾತ್ಸಂದ್ರಕ್ಕೆ ಹೋಗಿ ತಿನ್ನದೆ ಬರುವ ವೈರಾಗ್ಯ ಬೇಡ. ಒಂದು ಇಡ್ಲಿ 120ರಿಂದ 150 ಗ್ರಾಂ ತೂಗುತ್ತದೆ, 160ರಿಂದ 200 ಕ್ಯಾಲೊರಿ. ಎರಡು ತಿಂದರೂ ಪರವಾಗಿಲ್ಲ. ತಕ್ಕಡಿ ಏರುವುದು ಮೇಲಿನ ಬೆಣ್ಣೆ, ಎರಡನೇ ಸಲ ಹಾಕಿಸಿಕೊಂಡ ಚಟ್ನಿ, ‘ಒಂದು ವಡೆ ಇರಲಿ’ ಇವುಗಳಿಂದ. ಈ ಮೂರೂ ಸೇರಿದರೆ ಇನ್ನೊಂದು ತಿಂಡಿಯಷ್ಟೇ ಆಗುತ್ತದೆ. ವಡೆ ಬಿಟ್ಟೆ, ಬೆಣ್ಣೆ ಉಳಿಸಿಕೊಂಡೆ. ಕಾಫಿಯಲ್ಲಿ ಸಕ್ಕರೆ ಎರಡು ಚಮಚದಿಂದ ಅರ್ಧ ಚಮಚಕ್ಕೆ ತಂದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವನಿಗೆ ಅದೇ ನೂರು ಕ್ಯಾಲೊರಿ ಮೇಲೆ ಉಳಿತಾಯ.

ಒಪ್ಪತ್ತಿನ ಮಾತು. ಸೋಮವಾರ, ಶನಿವಾರ ಒಪ್ಪತ್ತು ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುವವರು ಆ ಹೊತ್ತಿಗೆ ತಿಂದ ಅವಲಕ್ಕಿ, ಸಬ್ಬಕ್ಕಿ, ತುಪ್ಪದ ಉಪ್ಪಿಟ್ಟು, ನಾಲ್ಕು ಬಾಳೆಹಣ್ಣು ಬರೆದಿಟ್ಟು ಕೂಡಿ ನೋಡಲಿ.

ವ್ಯಾಯಾಮಕ್ಕೆ ಬಂದರೆ, ನಡಿಗೆಯಿಂದ ಮಾತ್ರ ತೂಕ ಇಳಿಸುತ್ತೇನೆ ಅನ್ನುವುದು ನಿಧಾನದ ದಾರಿ. 70 ಕೆಜಿಯವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆದರೆ, ಸುಮ್ಮನೆ ಕೂತಿದ್ದಕ್ಕಿಂತ ಹೆಚ್ಚಾಗಿ ಸುಡುವುದು 170 ಕ್ಯಾಲೊರಿ ಆಸುಪಾಸು. ನಡಿಗೆ ಮುಗಿಸಿ ಗೇಟಿನ ಹತ್ತಿರ ಸಕ್ಕರೆ ಕಾಫಿ, ಎರಡು ಬನ್ ತಿಂದರೆ ಅದಕ್ಕಿಂತ ಜಾಸ್ತಿ ವಾಪಸ್. ಹಾಗಂತ ಬಿಡಬೇಡಿ. ಸಕ್ಕರೆ, ಬಿಪಿ, ನಿದ್ದೆ ಎಲ್ಲಕ್ಕೂ ನಡಿಗೆ ಬೇಕು. ನಾನು ಬೆಳಗ್ಗೆ 40 ನಿಮಿಷ, ಎರಡು ಊಟದ ನಂತರ ಹತ್ತು ಹತ್ತು ನಿಮಿಷ ಎಂದು ಹಂಚಿಕೊಂಡೆ. ಊಟದ ನಂತರದ ಹತ್ತು ನಿಮಿಷ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಮಾರ್ಚ್‌ನಿಂದ ಮೇವರೆಗೆ ಏಳು ಗಂಟೆಯೊಳಗೆ ಮುಗಿಸದಿದ್ದರೆ ಬಿಸಿಲು ಮುಗಿಸಲು ಬಿಡುವುದಿಲ್ಲ.

ನಡಿಗೆಗಿಂತ ಹೆಚ್ಚು ಕೆಲಸ ಮಾಡಿದ್ದು ಬಸ್ಕಿ, ದಂಡ, ನೀರಿನ ಕ್ಯಾನು. ಬರೀ ಊಟ ಕಡಿಮೆ ಮಾಡಿದರೆ ಇಳಿದ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬಲ್ಲದ್ದು ಇರಬಹುದು, ಮಾಂಸಖಂಡವೂ ಸೇರಿ. ಅದನ್ನು ಉಳಿಸಲು ಭಾರ ಎತ್ತಬೇಕು. ವಾರಕ್ಕೆ ಮೂರು ದಿನ, ತಲಾ 35 ನಿಮಿಷ. ಮೊದಲ ತಿಂಗಳು ಬಸ್ಕಿಯನ್ನು ಕುರ್ಚಿ ಮೇಲೆ ಕೂತು ಎದ್ದು ಮಾಡಿದೆ, ದಂಡವನ್ನು ಗೋಡೆಗೆ ಕೈಯೂರಿ. ಆಮೇಲೆ ದಂಡ ಮೇಜಿನ ಅಂಚಿಗೆ, ಮೂರನೇ ತಿಂಗಳಿಗೆ ನೆಲಕ್ಕೆ. ಪ್ರತಿಯೊಂದೂ 8ರಿಂದ 12 ಸಲ, ಮೂರು ಸುತ್ತು, ನಡುವೆ ಒಂದೂವರೆ ನಿಮಿಷ ವಿರಾಮ. ಮೂರೂ ಸುತ್ತಿನಲ್ಲಿ 12 ಸಲೀಸಾಗಿ ಬಂದರೆ ಮುಂದಿನ ಹಂತ. ಬೆನ್ನಿಗೆ 20 ಲೀಟರ್ ನೀರಿನ ಕ್ಯಾನಿಗಿಂತ ಅಗ್ಗದ ಸಾಧನ ಇಲ್ಲ. ಅರ್ಧ ತುಂಬಿಸಿದರೆ 10 ಕೆಜಿ. ಒಂದು ಕೈ ಮಂಚದ ಮೇಲೆ ಊರಿ, ಇನ್ನೊಂದು ಕೈಯಿಂದ ಕ್ಯಾನನ್ನು ಸೊಂಟದ ಪಕ್ಕಕ್ಕೆ ಎಳೆಯುವುದು. ನೆಲದಿಂದ ಎತ್ತುವಾಗ ಬೆನ್ನು ಬಗ್ಗಿಸಬಾರದು. ಸೊಂಟದ ಕೀಲಿನಿಂದ ಹಿಂದಕ್ಕೆ ಕೂತಂತೆ ಬಾಗಿ, ಕ್ಯಾನು ಕಾಲಿಗೆ ತಾಗಿಕೊಂಡೇ ಬರಬೇಕು. ಅರ್ಧ ತುಂಬಿದ ಕ್ಯಾನಿನ ನೀರು ಕುಲುಕುತ್ತದೆ, ಮೊದಲ ವಾರ ಮಣಿಕಟ್ಟು ನೋವು ಬಂದರೆ ಅದಕ್ಕೇ. ಬಸ್ಕಿಯಲ್ಲಿ ಮಂಡಿ ಒಳಕ್ಕೆ ವಾಲುವುದು ಸಾಮಾನ್ಯ ತಪ್ಪು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು.

ಬೆಟ್ಟ ಹತ್ತುವ ಆಸೆ ಎರಡು ತಿಂಗಳು ತಡೆಯಿರಿ. ಸಿದ್ಧಗಂಗಾ ಬೆಟ್ಟದ ಮೆಟ್ಟಿಲು ಮೊದಲು, ದೇವರಾಯನದುರ್ಗ ಆಮೇಲೆ, ಮಧುಗಿರಿ ಏಕಶಿಲೆ ಎಲ್ಲಕ್ಕಿಂತ ಕೊನೆಗೆ. ಮಂಡಿ ಹಾಳಾಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಪ್ರತಿ ಮೆಟ್ಟಿಲಿಗೂ ದೇಹದ ತೂಕದ ಹಲವು ಪಟ್ಟು ಭಾರ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ, ತೊಡೆಯ ಸ್ನಾಯು ಎಳೆದುಕೊಂಡೇ ಬ್ರೇಕ್ ಹಿಡಿಯಬೇಕು. ಇಳಿಯುವಾಗ ಚಿಕ್ಕ ಹೆಜ್ಜೆ, ಓಡಬೇಡಿ. ದುರ್ಗದಲ್ಲಿ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಕೋತಿಗಳು ನಿಮಗಿಂತ ಮೊದಲು ತಿಂಡಿ ಮುಗಿಸುತ್ತವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ಹೇಳಬೇಕು, ಸಕ್ಕರೆ ದಿಢೀರ್ ಇಳಿಯಬಹುದು. ಬಿಪಿ ಮಾತ್ರೆಯವರಿಗೆ ತೂಕ ಇಳಿದಂತೆ ತಲೆಸುತ್ತು ಬಂದರೆ ಡೋಸ್ ನೋಡಿಸಬೇಕು. ಹತ್ತುವಾಗ ಎದೆ ಹಿಡಿದಂತಾದರೆ ಅಲ್ಲೇ ಕೂತು, ಸಹಾಯ ಕರೆದು, ಆಸ್ಪತ್ರೆಗೆ.

ತಕ್ಕಡಿಯನ್ನು ಹೇಗೆ ಓದುವುದು ಎನ್ನುವುದೂ ಒಂದು ವಿದ್ಯೆ. ದಿನಾ ಬೆಳಗ್ಗೆ, ಬಯಲಿಗೆ ಹೋಗಿ ಬಂದು, ನೀರು ಕುಡಿಯುವ ಮೊದಲು ನಿಂತು ಬರೆದುಕೊಂಡು, ಏಳು ದಿನದ ಸರಾಸರಿ ಮಾತ್ರ ನೋಡಿದೆ. ಮೊದಲ ವಾರದಲ್ಲೇ ಎರಡು ಕೆಜಿ ಇಳಿದರೆ ಹಿಗ್ಗಬೇಡಿ, ಹೆಚ್ಚಿನದು ನೀರು. ಬೀಗರೂಟದ ಮಾರನೇ ದಿನ ಒಂದೂವರೆ ಕೆಜಿ ಏರಿದರೆ ಕುಗ್ಗಬೇಡಿ, ಅದೂ ಉಪ್ಪು ಹಿಡಿದಿಟ್ಟ ನೀರು. ಅಷ್ಟು ಕೊಬ್ಬು ಕಟ್ಟಲು ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಹೆಚ್ಚುವರಿ ಬೇಕು, ಎಂಥ ಬಾಡೂಟದಲ್ಲೂ ಒಂದೇ ಹೊತ್ತಿಗೆ ಅದು ಆಗದು. ಮೂರನೇ ದಿನಕ್ಕೆ ತಾನೇ ಇಳಿಯುತ್ತದೆ. ಮಾರನೇ ದಿನ ಉಪವಾಸ ಮಾಡಿದರೆ ಸಂಜೆ ಬಜ್ಜಿ ಅಂಗಡಿ ಮುಂದೆ ನಿಂತಿರುತ್ತೀರಿ. ಸುಮ್ಮನೆ 75 ಗ್ರಾಂ ಹಿಟ್ಟಿಗೆ ಮರಳುವುದೇ ಸರಿ.

ಐದನೇ ತಿಂಗಳಲ್ಲಿ ತೂಕ 77ಕ್ಕೆ ನಿಂತಿತು, ಮೂರು ವಾರ ಅಲುಗಲಿಲ್ಲ. ಇದಕ್ಕೆ ಕಾರಣ ಎರಡು. ದೇಹ ಹಗುರವಾದಂತೆ ಅದರ ಖರ್ಚೂ ಇಳಿಯುತ್ತದೆ, ಮೇಲಿನ ಸೂತ್ರವನ್ನು ಹೊಸ ತೂಕಕ್ಕೆ ಮತ್ತೆ ಹಾಕಬೇಕು. ನನಗೆ ಸುಮಾರು 95 ಕ್ಯಾಲೊರಿ ಕಡಿಮೆ ಬಂತು. ಎರಡನೆಯದು, ಕೈ ಅಳತೆ ಮರೆತಿತ್ತು: ತೂಗಿ ನೋಡಿದರೆ ಮುದ್ದೆ 290 ಗ್ರಾಂ ಆಗಿತ್ತು, ಚಮಚದ ಎಣ್ಣೆ ತುಂಬಿ ತುಳುಕುತ್ತಿತ್ತು. ಒಂದು ವಾರ ಎಲ್ಲವನ್ನೂ ಮತ್ತೆ ತೂಗಿದ್ದೇ ಸಾಕಾಯಿತು.

ಈಗ ಇಳಿಸುತ್ತಿಲ್ಲ, ಉಳಿಸಿಕೊಳ್ಳುತ್ತಿದ್ದೇನೆ. ಮುದ್ದೆ 300 ಗ್ರಾಂ, ಎಣ್ಣೆ ತಿಂಗಳಿಗೆ ಮೂರು ಲೀಟರ್, ಬಸ್ಕಿ ದಂಡ ಹಾಗೇ. ವಾರದ ಸರಾಸರಿ 72.5 ದಾಟಿದರೆ ಅಡುಗೆಮನೆ ತಕ್ಕಡಿ ಅಟ್ಟದಿಂದ ಕೆಳಗಿಳಿಯುತ್ತದೆ, ಮುದ್ದೆ ಮತ್ತೆ 225.